ಹದಿನೈದರ ಜಾಗದಲ್ಲಿ ಮೂವತ್ತು

ನಮ್ಮ ಮನೆಯಲ್ಲಿ ಅವ್ವ ರೊಟ್ಟಿ ಬಡಿಯಲು ನಿಂತಾಗಲೆಲ್ಲ ಕರೆಂಟು ಹೋಗುತ್ತಿತ್ತು. ಇಡೀ ಮನೆಯದಲ್ಲ, ಅವ್ವನ ಕೋಣೆಯದು ಮಾತ್ರ. ನೀವೂ ಇಲ್ಲಿ ಅಮೆರಿಕದ ಡಬ್ಲಿನ್‌ನಲ್ಲೋ ಫ್ರೀಮಾಂಟ್‌ನಲ್ಲೋ ಹಳೆಯ ಮನೆ ಕೊಂಡವರಾದರೆ ಈ ರಗಳೆ ನಿಮಗೂ ಗೊತ್ತಿರುತ್ತದೆ. ಟಪ್ ಅಂತ ಒಂದು ಸದ್ದು, ದೀಪ ಆರುವುದು, ಒಳಗಿನಿಂದ ‘ಮತ್ತ ಹೋತು’ ಅನ್ನುವ ದನಿ. ಎದ್ದು ಹೋಗಿ ಹೊರಗೋಡೆಯಲ್ಲಿರುವ ಬೂದು ಬಣ್ಣದ ಪ್ಯಾನೆಲ್ಲಿನ ಬಾಗಿಲು ತೆಗೆದು, ಬಿದ್ದ ಸ್ವಿಚ್ಚನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಬೇಕು. ಆ ಸ್ವಿಚ್ಚಿಗೇ ಇಲ್ಲಿ ಬ್ರೇಕರ್ ಅನ್ನುತ್ತಾರೆ. ಊರಲ್ಲಿ ನಾವು ಎಂಸಿಬಿ ಅನ್ನುತ್ತೇವೆ.

ನನ್ನ ಹೆಸರು ಸಿದ್ಧಾರೂಢ. ಗದಗಿನವನು. ಹುಬ್ಬಳ್ಳಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ, ಹತ್ತೊಂಬತ್ತು ವರ್ಷದಿಂದ ಇಲ್ಲಿ ಕಂಪ್ಯೂಟರ್ ಚಿಪ್‌ಗಳನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಇಂಥ ಕಥೆಗಳಲ್ಲಿ ಬುದ್ಧಿ ಹೇಳಿದರೂ ಕೇಳದ ಒಬ್ಬ ಮೊಂಡ ಇರುತ್ತಾನಲ್ಲ, ಅವನನ್ನು ಬೇರೆಲ್ಲೂ ಹುಡುಕಬೇಡಿ. ಅವನು ನಾನೇ.

ಅವ್ವನ ಹೆಸರು ದಾನವ್ವ. ಅಪ್ಪ ತೀರಿಕೊಂಡ ಮೇಲೆ ಆರು ವರ್ಷದಿಂದ ನಮ್ಮ ಜೊತೆಗಿದ್ದಾಳೆ. ಮನೆಯ ಹಿಂದಿನ ಮಾಲೀಕ ಗರಾಜಿನ ಅರ್ಧ ಭಾಗಕ್ಕೆ ಗೋಡೆ ಎತ್ತಿ ಒಂದು ಕೋಣೆ ಮಾಡಿಸಿದ್ದ. ಅದೇ ಅವ್ವನ ಕೋಣೆ. ಅಡುಗೆಮನೆಯಲ್ಲಿ ರೊಟ್ಟಿ ಸುಟ್ಟರೆ ಹೊಗೆಯ ಅಲಾರಂ ಬೊಬ್ಬೆ ಹೊಡೆಯುತ್ತದೆ, ಹಿಟ್ಟು ಹಾರಿ ಮನೆಯೆಲ್ಲ ಬೆಳ್ಳಗಾಗುತ್ತದೆ. ಹಾಗಾಗಿ ಅವ್ವನ ಕೋಣೆಯಲ್ಲೇ ಒಂದು ಮೇಜು ಹಾಕಿ, ಅದರ ಮೇಲೆ ಇಂಡಕ್ಷನ್ ಒಲೆ, ಅದರ ಮೇಲೆ ಊರಿಂದ ಹೊತ್ತು ತಂದ ಕಬ್ಬಿಣದ ಹಂಚು ಇಟ್ಟುಕೊಟ್ಟಿದ್ದೆ. ಚಳಿಗಾಲದಲ್ಲಿ ಆ ಕೋಣೆ ಕೊರೆಯುತ್ತದೆ. ಕಾಲ ಬಳಿ ಒಂದು ಹೀಟರ್ ಬೇಕೇ ಬೇಕು.

ಅವ್ವನಿಗೆ ಇಲ್ಲಿ ಕಾರು ಓಡಿಸಲು ಬರುವುದಿಲ್ಲ, ಇಂಗ್ಲಿಷು ಬರುವುದಿಲ್ಲ. ಮಗಳು ತನ್ವಿ ಅಜ್ಜಿಯ ಮಾತನ್ನೆಲ್ಲ ತಿಳಿದುಕೊಂಡು ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತಾಳೆ. ಅವ್ವನಿಗೆ ಬರುವುದು ರೊಟ್ಟಿ. ಡಬ್ಲಿನ್‌ನಿಂದ ಡ್ಯಾನ್‌ವಿಲ್‌ವರೆಗೆ ನಮ್ಮ ಕಡೆಯವರಿಗೆಲ್ಲ ದಾನವ್ವನ ರೊಟ್ಟಿ ಗೊತ್ತು. ರವಿವಾರ ಮಧ್ಯಾಹ್ನ ಮನೆ ಮುಂದೆ ಎರಡು ಮೂರು ಕಾರು ನಿಂತು, ಯಾರೋ ಒಬ್ಬರು ಅಂಗೈ ಬಡಿತದ ಸದ್ದು ಕೇಳಿ ‘ಊರಿಗೆ ಹೋದಂಗ ಆತ್ರಿ’ ಅಂದರೆ ಅವ್ವನ ಮುಖ ನೋಡಬೇಕಿತ್ತು. ಆ ಎರಡು ಅಂಗೈಯಿಂದಲೇ ಅವಳಿಗೆ ಇಲ್ಲಿ ಒಂದು ಹೆಸರು ಇತ್ತು.

ಕರೆಂಟು ಪದೇ ಪದೇ ಹೋಗತೊಡಗಿದಾಗ ನಾನು ಗ್ರೋಸರಿ ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಹೀಟರ್ ಸಾವಿರದ ಐನೂರು ವ್ಯಾಟ್. ಒಲೆ ಸಾವಿರದ ಎಂಟುನೂರು. ಒಟ್ಟು ಮೂರು ಸಾವಿರದ ಮುನ್ನೂರು. ಅದನ್ನು ವೋಲ್ಟಿನಿಂದ ಭಾಗಿಸಿದರೆ ಹದಿನಾಲ್ಕು ಚಿಲ್ಲರೆ ಆಂಪ್ ಬಂತು. ಬ್ರೇಕರ್ ಹಿಡಿಕೆಯ ಮೇಲೆ ಹದಿನೈದು ಅಂತ ಇತ್ತು. ಹದಿನಾಲ್ಕಕ್ಕೆ ಹದಿನೈದರ ಬ್ರೇಕರ್ ಬೀಳಬಾರದು. ಬೀಳುತ್ತದೆ ಅಂದರೆ ಅದಕ್ಕೆ ವಯಸ್ಸಾಗಿದೆ, ಸೊರಗಿದೆ ಅಂತ ತೀರ್ಮಾನ ಮಾಡಿದೆ. ಈ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪಿದೆ. ಆಗ ನನಗೆ ಅದು ಕಾಣಲಿಲ್ಲ.

ಹಾರ್ಡ್‌ವೇರ್ ಅಂಗಡಿಗೆ ಹೋಗಿ ಹೊಸ ಹದಿನೈದರ ಬ್ರೇಕರ್ ತಂದು ಹಾಕಿದೆ. ಅದೂ ಬಿತ್ತು. ಮುಂದಿನ ವಾರ ಮತ್ತೆ ಹೋದೆ. ಆ ಸಾಲಿನಲ್ಲಿ ಹದಿನೈದು, ಇಪ್ಪತ್ತು, ಮೂವತ್ತು ಎಲ್ಲ ಒಂದೇ ಗಾತ್ರ, ಒಂದೇ ಕಪ್ಪು ಬಣ್ಣ. ಹಿಡಿಕೆಯ ಮೇಲಿನ ಅಂಕಿ ಮಾತ್ರ ಬೇರೆ. ಎಲ್ಲವೂ ಅದೇ ಖಾಲಿ ಜಾಗದಲ್ಲಿ ಕೂರುತ್ತವೆ. ಕೂರುತ್ತದೆ ಅಂದಮೇಲೆ ಹಾಕಬಹುದು ಅಂದುಕೊಂಡೆ. ಮೂವತ್ತರದನ್ನು ತಂದು ಹಾಕಿದೆ. ಆಮೇಲೆ ಒಂದು ದಿನವೂ ಕರೆಂಟು ಹೋಗಲಿಲ್ಲ.

ಅವ್ವ ಖುಷಿಯಾಗಿ ನನ್ನ ಬೆನ್ನು ತಟ್ಟಿದಳು. “ನಿಮ್ಮಪ್ಪನೂ ಹಿಂಗ ಮಾಡತಿದ್ರು. ಫ್ಯೂಜಿನ್ಯಾಗ ಒಂದೆಳಿ ತಂತಿ ಸುಟ್ಟರ ಎರಡೆಳಿ ಹಾಕಿ ಬಿಡತಿದ್ರು.” ಹೌದು. ಗದಗಿನ ಮನೆಯ ಪಿಂಗಾಣಿ ಫ್ಯೂಜಿಗೆ ಅಪ್ಪ ಅಪ್ಪಾಸಾಹೇಬ ಎರಡೆಳೆ ತಂತಿ ಸುತ್ತುವಾಗ ಟಾರ್ಚು ಹಿಡಿದು ನಿಂತವನು ನಾನೇ. ಅಪ್ಪ ಮಾಡಿದ್ದನ್ನು ಮಗನೂ ಮಾಡಿದ ಅಂತ ನನಗೂ ಒಳಗೊಳಗೆ ಹೆಮ್ಮೆ ಆಯಿತು.

ಜನವರಿಯ ಮೊದಲ ರವಿವಾರ ಶ್ರೀಕಂಠ ರೊಟ್ಟಿ ಒಯ್ಯಲು ಬಂದರು. ಮೈಸೂರಿನವರು. ಐಟಿಐ ಓದಿ, ಇಪ್ಪತ್ತು ವರ್ಷ ವೈರಿಂಗ್ ಕೆಲಸ ಮಾಡಿದವರು. ಹೆಂಡತಿ ಇಲ್ಲಿ ನರ್ಸ್ ಆಗಿ ಬಂದಾಗ ಜೊತೆಗೆ ಬಂದು, ಇಲ್ಲಿಯ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ತೆಗೆದುಕೊಂಡಿದ್ದಾರೆ. ಎಮರಿವಿಲ್‌ನ ಆಫೀಸುಗಳಲ್ಲೂ ನಮ್ಮಂಥವರ ಮನೆಗಳಲ್ಲೂ ವೈರು ಎಳೆಯುತ್ತಾರೆ. ಇಲ್ಲಿಯ ನಮ್ಮ ಕನ್ನಡಿಗರ ಬಳಗದಲ್ಲಿ ಎಲ್ಲರೂ ಎಂಜಿನಿಯರುಗಳು, ಡಾಕ್ಟರುಗಳು. ಸ್ಕ್ರೂಡ್ರೈವರ್ ಹಿಡಿದು ದುಡಿಯುವವರು ಶ್ರೀಕಂಠ ಒಬ್ಬರೇ. ಎದುರಿಗೆ ಬಾಯ್ತುಂಬ ಮಾತಾಡಿಸುತ್ತಿದ್ದೆವು, ಹಿಂದೆ ‘ಆ ವೈರ್‌ಮನ್’ ಅನ್ನುತ್ತಿದ್ದೆವು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅವ್ವ ಹಂಚು ಕಾಯಿಸಲು ಒಲೆ ಹಚ್ಚಿದಾಗ ಕೋಣೆಯ ದೀಪ ಒಂದು ಗಳಿಗೆ ಮಂಕಾಯಿತು. ಅದು ತಿಂಗಳಿಂದ ಹಾಗೇ ಆಗುತ್ತಿತ್ತು, ನಮ್ಮ ಕಣ್ಣಿಗೆ ಒಗ್ಗಿಹೋಗಿತ್ತು. ಶ್ರೀಕಂಠ ರೊಟ್ಟಿಯ ಬುಟ್ಟಿ ಕೆಳಗಿಟ್ಟು, ಪ್ಲಗ್ಗಿನ ಪಕ್ಕದ ಗೋಡೆಗೆ ಅಂಗೈ ಇಟ್ಟು ನೋಡಿದರು. ಬಿಸಿ ಇತ್ತು. ಪ್ಯಾನೆಲ್ ನೋಡಬಹುದಾ ಅಂತ ಕೇಳಿದರು. ತೋರಿಸಿದೆ. ಅದರ ಒಳಮುಚ್ಚಳವನ್ನೂ ಬಿಚ್ಚಿ ನೋಡಿದರು.

“ಸರ್, ಇದು ಮೂವತ್ತಿದೆ. ಆದ್ರೆ ವೈರು ಹದಿನಾಲ್ಕು ಗೇಜು, ತೆಳ್ಳಗಿನದು. ಇದಕ್ಕೆ ಹದಿನೈದರ ಮೇಲೆ ಹಾಕೋ ಹಾಗೇ ಇಲ್ಲ.”

“ಲೋಡು ಹದಿನಾಲ್ಕ ಆಂಪ್ ಅದರಿ. ಮೂವತ್ತರದು ಹಾಕಿದ್ರ ಇನ್ನೂ ಸೇಫ್ ಅಲ್ಲೇನು?”

“ಬ್ರೇಕರ್ ಇರೋದು ಹೀಟರ್‌ನ ಕಾಯೋಕಲ್ಲ ಸರ್, ಗೋಡೆ ಒಳಗಿರೋ ವೈರ್‌ನ ಕಾಯೋಕೆ. ವೈರು ಕಾಯ್ದು ಕೆಡೋಕೆ ಮುಂಚೆ ಅದು ಬೀಳ್ಬೇಕು. ಮೊದ್ಲು ಬೀಳ್ತಿತ್ತಲ್ಲ, ಅದು ಅದರ ಕೆಲ್ಸ ಮಾಡ್ತಿತ್ತು ಅಷ್ಟೇ.”

ಇಷ್ಟು ಸರಳವಾದ ಮಾತು. ಒಂದು ಮಗುವಿಗೂ ತಿಳಿಯುವ ಮಾತು. ನನಗೆ ತಿಳಿಯಲಿಲ್ಲ ಅಂತಲ್ಲ, ಅದನ್ನು ಶ್ರೀಕಂಠರ ಬಾಯಿಂದ ಕೇಳಿದ್ದು ಸೇರಲಿಲ್ಲ. “ನಾನೂ ಎಲೆಕ್ಟ್ರಿಕಲ್ಲೇ ಓದೀನ್ರಿ ಶ್ರೀಕಂಠ,” ಅಂದೆ.

ಅವರು ಮುಚ್ಚಳ ಹಾಕಿ ಸ್ಕ್ರೂ ಬಿಗಿದರು. ಹೊರಡುವಾಗ ಬಾಗಿಲಲ್ಲಿ ನಿಂತು ಮತ್ತೆ ಹೇಳಿದರು. “ಬದಲಾಯಿಸೋವರ್ಗೂ ಅಮ್ಮನಿಗೆ ಒಂದು ಮಾತು ಹೇಳಿ ಸರ್. ಹೀಟರು, ಒಲೆ, ಎರಡೂ ಒಟ್ಟಿಗೆ ಹಾಕೋದು ಬೇಡ.”

ಹೂಂ ಅಂದೆ. ಹೇಳಲಿಲ್ಲ. ಹೇಳಿದರೆ ಅವ್ವ ಯಾಕೆ ಅಂತ ಕೇಳುತ್ತಾಳೆ, ಆಗ ಶ್ರೀಕಂಠ ಹೇಳಿದ್ದೇ ಸರಿ ಅಂತ ಒಪ್ಪಬೇಕಾಗುತ್ತದೆ. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಬರೆಯುತ್ತಿದ್ದೆ.

ಎರಡು ವಾರ ಬಿಟ್ಟು ಬಳಗದ ಸಂಕ್ರಾಂತಿ ಊಟ. ಅವ್ವ ಎಂಬತ್ತು ರೊಟ್ಟಿ ಒಪ್ಪಿಕೊಂಡಿದ್ದಳು. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ, ಮೈ ಕೊರೆಯುವ ಚಳಿ. ಹನ್ನೊಂದಕ್ಕೆ ಶುರು ಮಾಡಿದವಳು ಮೂರು ಗಂಟೆಯಾದರೂ ನಿಲ್ಲಿಸಿರಲಿಲ್ಲ. ನಾಲ್ಕು ತಾಸು ಹೀಟರು, ಒಲೆ ಎರಡೂ ಒಂದೇ ಸಮನೆ ಉರಿಯುತ್ತಿದ್ದವು. ನನ್ನ ಹೆಂಡತಿ ಮಾಧುರಿ ಊಟದ ಸಭಾಂಗಣದಲ್ಲಿ ಕುರ್ಚಿ ಹಾಕಿಸಲು ಹೋಗಿದ್ದಳು. ನಾನು ಸೋಫಾದ ಮೇಲೆ ಕೂತು ಫೋನು ನೋಡುತ್ತಿದ್ದೆ.

ತನ್ವಿ ಬಂದು “ಅಪ್ಪಾ, ಸಮ್‌ಥಿಂಗ್ ಈಸ್ ಬರ್ನಿಂಗ್,” ಅಂದಳು. ರೊಟ್ಟಿ ಸೀದಿರಬೇಕು ಅಂತ ಕೂತಲ್ಲಿಂದಲೇ ಹೇಳಿದೆ. ತಲೆ ಎತ್ತಲಿಲ್ಲ.

ಅವ್ವ ಕೂಗಿದಾಗ ಎದ್ದೆ. ಓಡಿದೆ. ಪ್ಲಗ್ಗಿನ ಹಿಂದಿನ ಗೋಡೆಯಿಂದ ಕಪ್ಪು ಹೊಗೆ ಬರುತ್ತಿತ್ತು. ಅವ್ವ ಹೀಟರಿನ ಪ್ಲಗ್ಗನ್ನು ಬಲಗೈಯಲ್ಲಿ ಹಿಡಿದು ಜಗ್ಗಿದ್ದಳು. ಪ್ಲಗ್ಗು ಆಗಲೇ ಮೇಣದಂತೆ ಕರಗಿತ್ತು. ಅದು ಅವಳ ಅಂಗೈಗೆ ಅಂಟಿಕೊಂಡಿತ್ತು. ಅವಳನ್ನು ತಬ್ಬಿ ಎತ್ತಿಕೊಂಡು ಹೊರಗೆ ಬಂದೆ. ತನ್ವಿ ಅಷ್ಟರಲ್ಲಿ ನೈನ್ ಒನ್ ಒನ್‌ಗೆ ಫೋನು ಮಾಡಿದ್ದಳು. ನನಗಿಂತ ಅವಳಿಗೇ ಬುದ್ಧಿ ಇತ್ತು.

ಊರಲ್ಲಿ ನಮ್ಮ ಗೋಡೆಗಳು ಕಲ್ಲಿನವು, ಇಟ್ಟಿಗೆಯವು. ಒಳಗೆ ತಂತಿ ಸುಟ್ಟರೆ ತಂತಿ ಸುಡುತ್ತದೆ, ಗೋಡೆ ನಿಲ್ಲುತ್ತದೆ. ಅಪ್ಪನ ಎರಡೆಳೆ ತಂತಿಯನ್ನು ಅಷ್ಟು ವರ್ಷ ಕಾಪಾಡಿದ್ದು ಆ ಕಲ್ಲಿನ ಗೋಡೆ, ಮತ್ತು ಬರೀ ಅದೃಷ್ಟ. ಇಲ್ಲಿಯ ಗೋಡೆ ಕಟ್ಟಿಗೆಯದು. ಬೆಂಕಿ ಒಳಗೊಳಗೇ ಮೇಲೆ ಹತ್ತಿತ್ತು. ಅಗ್ನಿಶಾಮಕದವರು ಮೇನ್ ಆಫ್ ಮಾಡಿ, ಗೋಡೆ ಸೀಳಿ ನೀರು ಹೊಡೆದರು. ಅವ್ವನ ಹಾಸಿಗೆ, ಕೌದಿ, ದೇವರ ಪಟ, ಅಪ್ಪನ ಫೋಟೋ ಎಲ್ಲ ಹೋದವು. ಕಬ್ಬಿಣದ ಹಂಚೊಂದೇ ಉಳಿಯಿತು.

ಅಗ್ನಿಶಾಮಕದವರಲ್ಲಿ ಒಬ್ಬ ಹಿರಿಯ ಪ್ಯಾನೆಲ್ಲಿನ ಮುಂದೆ ನಿಂತು ನನ್ನನ್ನು ಕರೆದ. ಆ ಮೂವತ್ತರ ಬ್ರೇಕರ್ ಆಗಲೂ ಬಿದ್ದಿರಲಿಲ್ಲ, ಆನ್ ಆಗಿಯೇ ಇತ್ತು. ಇದನ್ನು ಯಾರು ಹಾಕಿದ್ದು ಅಂತ ಕೇಳಿದ. ನಾನು ಅಂದೆ. ಅವನು ಅದನ್ನು ಆಫ್ ಮಾಡಿ, ಬೇರೇನೂ ಕೇಳದೆ ಹೋದ. ಬೈದಿದ್ದರೆ ಒಳ್ಳೆಯದಿತ್ತು.

ಅವ್ವನ ತೊಡೆಯ ಚರ್ಮ ತೆಗೆದು ಅಂಗೈಗೆ ಹಾಕಿದರು. ಹದಿಮೂರು ದಿನ ಆಸ್ಪತ್ರೆ. ಈಗ ಗಾಯ ಮಾಗಿದೆ, ಆದರೆ ಬೆರಳು ಪೂರ್ತಿ ಬಿಚ್ಚುವುದಿಲ್ಲ. ಅಂಗೈ ಚಪ್ಪಟೆಯಾಗುವುದಿಲ್ಲ. ಚಪ್ಪಟೆಯಾಗದ ಅಂಗೈಯಿಂದ ರೊಟ್ಟಿ ಬಡಿಯಲು ಬರುವುದಿಲ್ಲ. ದಿನಾ ಒಂದು ರಬ್ಬರಿನ ಚೆಂಡು ಹಿಸುಕಲು ಹೇಳಿದ್ದಾರೆ. ಕಿಟಕಿ ಪಕ್ಕ ಕೂತು ಹಿಸುಕುತ್ತಾಳೆ. ರವಿವಾರ ಮನೆ ಮುಂದೆ ಕಾರು ನಿಲ್ಲುವುದಿಲ್ಲ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಬರೆಸಿದ್ದು ಅವ್ವ ಹೇಳಿದ ಸುಳ್ಳು. ನೋಡಲು ಬಂದವರಿಗೆಲ್ಲ ಅವಳು ಒಂದೇ ಮಾತು ಹೇಳುತ್ತಿದ್ದಳು. “ನಂದ ತಪ್ಪವಾ. ಹಿಟ್ಟಿನ ಹಸಿ ಕೈಲೆ ಪ್ಲಗ್ ಹಿಡದೆ.” ಎಂಜಿನಿಯರ್ ಮಗನ ಮಾನ ಉಳಿಸಲು ಹೇಳುತ್ತಿದ್ದಳು. ನಾನು ಪಕ್ಕದಲ್ಲೇ ಚಹಾ ಕೊಡುತ್ತ ನಿಂತಿರುತ್ತಿದ್ದೆ. ಅಲ್ಲ ಅಂತ ಒಮ್ಮೆಯೂ ಅನ್ನಲಿಲ್ಲ.

ಆ ಸುಳ್ಳು ಊರು ಸುತ್ತಿತು. ಬಳಗದ ಭುವನೇಶ್ವರಿ ಒಂದು ದಿನ ಮಾಧುರಿಗೆ ಫೋನು ಮಾಡಿ, ತಮ್ಮ ಮನೆಯಲ್ಲಿ ಅತ್ತೆ ಇನ್ನು ಮೇಲೆ ಯಾವ ಪ್ಲಗ್ಗನ್ನೂ ಮುಟ್ಟಬಾರದು ಅಂತ ಕಟ್ಟಪ್ಪಣೆ ಮಾಡಿದ್ದಾಗಿ ಹೇಳಿದರಂತೆ. ವಯಸ್ಸಾದವರ ಕೈಗೆ ಒಲೆ ಕೊಟ್ಟಿದ್ದೇ ತಪ್ಪು ಅಂದರಂತೆ. ಅವರ ಗರಾಜಿನಲ್ಲೂ ಬ್ರೇಕರ್ ಬೀಳುತ್ತಿತ್ತು, ಗಂಡ ದೊಡ್ಡದೊಂದು ಹಾಕಿದ ಮೇಲೆ ಸರಿಹೋಯಿತು ಅಂತಲೂ ಅದೇ ಫೋನಿನಲ್ಲಿ ಹೇಳಿದರಂತೆ. ಮಾಧುರಿ ಫೋನು ಇಟ್ಟು ನನ್ನ ಕಡೆ ನೋಡಿದಳು. “ಈಗಾದ್ರೂ ಬಾಯಿ ಬಿಡ್ತೀರೋ ಇಲ್ಲೋ?”

ಅವತ್ತೇ ಭುವನೇಶ್ವರಿಯವರ ಗಂಡನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಆಮೇಲೆ ಶ್ರೀಕಂಠರನ್ನು ಕರೆದೆ. ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಬಂದರು. ‘ನಾನು ಹೇಳಿದ್ದೆ’ ಅಂತ ಒಂದು ಸಲವೂ ಅನ್ನಲಿಲ್ಲ. ಮೇಜಿನ ಮುಂದೆ ಕೂತು ನನ್ನ ಲೆಕ್ಕ ಕೇಳಿದರು. ಹೇಳಿದೆ.

“ಎಷ್ಟರಿಂದ ಭಾಗಿಸಿದ್ರಿ ಸರ್?”

“ಎರಡು ನೂರಾ ಮೂವತ್ತು.”

ಶ್ರೀಕಂಠ ಪೆನ್ನು ಕೆಳಗಿಟ್ಟರು. “ಇಲ್ಲಿ ನೂರಿಪ್ಪತ್ತು.”

ಹದಿನಾಲ್ಕಲ್ಲ, ಇಪ್ಪತ್ತೇಳೂವರೆ ಆಂಪ್. ಹದಿನೈದು ಆಂಪಿಗೆ ಮಾಡಿದ ತಂತಿಯಲ್ಲಿ ನಾಲ್ಕು ತಾಸು ಇಪ್ಪತ್ತೇಳೂವರೆ ಹರಿದಿತ್ತು. ಮೂವತ್ತರ ಬ್ರೇಕರ್ ಅದಕ್ಕೆ ಯಾಕೆ ಬಿದ್ದೀತು? ಅದರ ಲೆಕ್ಕದಲ್ಲಿ ಎಲ್ಲ ಸರಿಯೇ ಇತ್ತು. ಊರಿನ ಮಿಕ್ಸರ್ ಇಲ್ಲಿಯ ವೋಲ್ಟಿಗೆ ತಿರುಗುವುದಿಲ್ಲ ಅಂತ ಅಡುಗೆಮನೆಯಲ್ಲಿ ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡವನು ನಾನು. ದಿನಾ ಚಟ್ನಿಗೆ ಅದನ್ನೇ ಹಚ್ಚುತ್ತೇವೆ. ಆದರೂ ಲೆಕ್ಕ ಹಾಕಲು ಕೂತಾಗ ಹುಬ್ಬಳ್ಳಿಯ ಕಾಲೇಜಿನಲ್ಲಿ ಬಾಯಿಪಾಠವಾದ ಎರಡು ನೂರಾ ಮೂವತ್ತೇ ಕೈಗೆ ಬಂದಿತ್ತು.

ಮಾಧುರಿ ಶ್ರೀಕಂಠರ ಎದುರು ಕೂತು ಒಂದೊಂದಾಗಿ ಕೇಳಿದಳು, ನಾನು ಕೇಳಬೇಕಾಗಿದ್ದ ಪ್ರಶ್ನೆಗಳನ್ನೆಲ್ಲ. ಈಗ ನಗರಸಭೆಯಿಂದ ಪರ್ಮಿಟ್ ತೆಗೆದುಕೊಂಡು ಅವ್ವನ ಕೋಣೆಗೆ ಎರಡು ಹೊಸ ಲೈನು ಎಳೆದಿದ್ದಾರೆ. ಹೀಟರಿಗೆ ಒಂದು, ಒಲೆಗೆ ಒಂದು. ಎರಡಕ್ಕೂ ದಪ್ಪ ತಂತಿ, ಒಂದೊಂದು ಇಪ್ಪತ್ತರ ಬ್ರೇಕರ್. ಇನ್‌ಸ್ಪೆಕ್ಟರ್ ಬಂದು ನೋಡಿ ಸಹಿ ಹಾಕಿ ಹೋದ. ಅವ್ವ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. “ಇದು ಮತ್ತ ಬೀಳತೈತೇನಪಾ?” ಅಂತ ಶ್ರೀಕಂಠರನ್ನು ಕೇಳಿದಳು. ಬೀಳಬೇಕಾದಾಗ ಬೀಳುತ್ತದೆ ಅಂತ ಅವರು ಹೇಳಿದರು.

“ಬೀಳಲಿ ಬಿಡು,” ಅಂದಳು ಅವ್ವ.

ಈಗ ನಿಮಗೆ ಹೇಳುತ್ತೇನೆ, ಕೇಳಿ. ಬ್ರೇಕರ್ ಬಿದ್ದರೆ ಅದನ್ನು ಬೈಯಬೇಡಿ. ಆ ಲೈನಿನಲ್ಲಿ ಏನೇನು ಓಡುತ್ತಿದೆ ನೋಡಿ, ಒಂದನ್ನು ತೆಗೆಯಿರಿ. ವ್ಯಾಟನ್ನು ನೂರಿಪ್ಪತ್ತರಿಂದ ಭಾಗಿಸಿ. ಊರಿನ ಅಂಕಿ ಊರಲ್ಲೇ ಇರಲಿ. ತಾಸುಗಟ್ಟಲೆ ಓಡುವ ಹೀಟರಿನಂಥದಕ್ಕೆ ಬ್ರೇಕರ್ ಅಂಕಿಯ ನೂರಕ್ಕೆ ಎಂಬತ್ತು ಪಾಲು ಮಾತ್ರ ಬಳಸಬೇಕು. ಅಂದರೆ ಹದಿನೈದರದಕ್ಕೆ ಹನ್ನೆರಡು ಆಂಪ್. ನಮ್ಮ ಹೀಟರ್ ಒಂದೇ ಅದನ್ನು ಮೀರುತ್ತಿತ್ತು.

ಬ್ರೇಕರ್ ಆರಿಸುವಾಗ ಮೊದಲು ತಂತಿ ನೋಡಬೇಕು, ಆಮೇಲೆ ಯಂತ್ರ. ತಾಮ್ರದ ಹದಿನಾಲ್ಕು ಗೇಜಿಗೆ ಹದಿನೈದು, ಹನ್ನೆರಡಕ್ಕೆ ಇಪ್ಪತ್ತು, ಹತ್ತಕ್ಕೆ ಮೂವತ್ತು. ಇಲ್ಲಿ ಗೇಜಿನ ಅಂಕಿ ಇಳಿದಷ್ಟೂ ತಂತಿ ದಪ್ಪ, ಇದರಲ್ಲೂ ನಮ್ಮವರು ಎಡವುತ್ತಾರೆ. ಕೆಲವು ಹಳೆಯ ಮನೆಗಳಲ್ಲಿ ಅಲ್ಯೂಮಿನಿಯಂ ತಂತಿ ಇರುತ್ತದೆ, ಅದರ ಲೆಕ್ಕವೇ ಬೇರೆ. ಒಂದೇ ಹಿಡಿಕೆಯ ಬ್ರೇಕರಿಗೆ ಸಿಂಗಲ್ ಪೋಲ್ ಅನ್ನುತ್ತಾರೆ, ದೀಪಕ್ಕೆ, ಸಾಮಾನ್ಯ ಪ್ಲಗ್ಗಿಗೆ ಅದು. ಬಟ್ಟೆ ಒಣಗಿಸುವ ಯಂತ್ರ, ಕಾರಿನ ಚಾರ್ಜರಿನಂಥ ಇನ್ನೂರ ನಲವತ್ತು ವೋಲ್ಟಿನವಕ್ಕೆ ಎರಡು ಹಿಡಿಕೆ ಕೂಡಿದ್ದು ಬೇಕು. ಯಾವ ಕಂಪನಿಯ ಯಾವ ಬ್ರೇಕರ್ ಹಾಕಬಹುದು ಅಂತ ಪ್ಯಾನೆಲ್ಲಿನ ಬಾಗಿಲ ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಬೇರೆಯದು ಕೂತರೂ ಗಟ್ಟಿಯಾಗಿ ಹಿಡಿಯದೆ ಇರಬಹುದು. ನಾನು ಹಾಕಿದ್ದು ಆ ಚೀಟಿಯಲ್ಲಿ ಇರಲೇ ಇಲ್ಲ. ಮಲಗುವ ಕೋಣೆಗೆ, ನೀರಿರುವ ಜಾಗಕ್ಕೆ ಕಿಡಿಯನ್ನೂ ಸೋರುವ ಕರೆಂಟನ್ನೂ ಪತ್ತೆ ಹಚ್ಚುವ ಬ್ರೇಕರುಗಳಿವೆ, ಕೇಳಿ ಹಾಕಿಸಿ. ನೀವಾಗಿ ಬಾಗಿಲು ತೆರೆದು ನೋಡಿ ಸಾಕು, ಒಳಮುಚ್ಚಳ ಬಿಚ್ಚಬೇಡಿ. ಮೇನ್ ಆಫ್ ಮಾಡಿದರೂ ಒಳಗೆ ಜೀವ ತೆಗೆಯುವಷ್ಟು ಕರೆಂಟು ಇರುತ್ತದೆ. ಲೈಸೆನ್ಸ್ ಇದ್ದವರನ್ನು ಕರೆಯಿರಿ. ಅವರು ಹೇಳಿದ್ದನ್ನು ಕೇಳಿ, ಅವರು ಎಲ್ಲಿ ಓದಿದವರು ಅಂತ ಕೇಳಬೇಡಿ.

ಇದನ್ನು ಮುಂದಿನ ರವಿವಾರ ಬಳಗದ ಸಭೆಯಲ್ಲಿ ನಾನೇ ಎದ್ದು ನಿಂತು ಓದುತ್ತೇನೆ. ಅವ್ವ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ, ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು. ಓದು ಮುಗಿಯುವ ಮೊದಲೇ ತಪ್ಪು ತನ್ನದೇ ಅಂತ ಅವಳು ಹೇಳಬಹುದು. ನಂಬಬೇಡಿ. ಅವಳ ಕೈ ಹಸಿ ಇರಲಿಲ್ಲ. ಹದಿನೈದರ ಜಾಗದಲ್ಲಿ ಮೂವತ್ತು ಹಾಕಿದವನು ನಾನು. ನಿಮ್ಮ ಮನೆಯಲ್ಲೂ ಯಾರದೋ ಕೈ ಇವತ್ತು ಯಾವುದೋ ಪ್ಲಗ್ಗನ್ನು ಹಿಡಿಯುತ್ತದೆ. ಅದಕ್ಕೆ ಮೊದಲು ಹೋಗಿ ನಿಮ್ಮ ಪ್ಯಾನೆಲ್ಲಿನ ಬಾಗಿಲು ತೆಗೆದು ಆ ಅಂಕಿ ನೋಡಿ.